ಕರೆಯುವ ಹಕ್ಕು

ಕೋರ್ಟು ಕೊಟ್ಟ ಹೊಲಕ್ಕೆ ನಿಂಗಕ್ಕ ಇನ್ನೂ ಕಾಲಿಟ್ಟಿರಲಿಲ್ಲ. ಹೊಸದುರ್ಗದ ಕೋರ್ಟಿನಲ್ಲಿ ಪಾಲುದಾವೆ ಗೆದ್ದು, ಅಣ್ಣ ಪಾಲಯ್ಯನ ಅಪೀಲೂ ಬಿದ್ದು, ಅಪ್ಪನ ಕೆಂಪು ಹೊಲದಲ್ಲಿ ಅರ್ಧ ನಿನ್ನದು ಅಂತ ಡಿಕ್ರಿಯಾಗಿ ಎಷ್ಟೋ ದಿನವಾಗಿತ್ತು. ಹೊಳಲ್ಕೆರೆ ಸೀಮೆಯ ಗಂಡನ ಊರಿನಲ್ಲಿ, ನೀರಿಗೆ ಹೋದರೆ ನಲ್ಲಿಯ ಹತ್ತಿರ, ಹಾಲು ಹಾಕಲು ಹೋದರೆ ಡೈರಿಯ ಹತ್ತಿರ, ಹೆಂಗಸರು ಅವಳನ್ನು ಸುಮ್ಮನೆ ಬಿಡುತ್ತಿರಲಿಲ್ಲ. "ಏನವ್ವ ಜಮೀನ್ದಾರ್ತಿ, ಹೊಲ ನೋಡ್ಕಂಡು ಬಂದ್ಯಾ?" ಎಂದು ಕಾಲೆಳೆಯುವರು. ನಿಂಗಕ್ಕ ಸೆರಗು ಸರಿಮಾಡಿಕೊಂಡು ಅದೇ ಉತ್ತರ ಕೊಡುವಳು: "ಕರೆಯೋಕೆ ಯಾರೂ ಬಂದಿಲ್ವಲ್ಲ."

ನಗಬೇಡಿ. ಕುರಿಹಟ್ಟಿಯ ಹೆಣ್ಣುಮಕ್ಕಳ ಲೆಕ್ಕವೇ ಬೇರೆ. ಕೊಟ್ಟ ಹೆಣ್ಣು ತವರಿಗೆ ತಾನಾಗಿ ಹೋಗುವಂತಿಲ್ಲ. ತವರಿನ ಗಂಡಸು, ಅಪ್ಪನೋ ಅಣ್ಣನೋ, ಅವರಿಗೆ ಕುರಿ ಬಿಟ್ಟು ಬರಲಾಗದಿದ್ದರೆ ಅವರು ಕಳಿಸಿದ ಹಟ್ಟಿಯ ಇನ್ನೊಬ್ಬನೋ, ಬಾಗಿಲಿಗೆ ಬಂದು "ಕರೆಯೋಕೆ ಬಂದೀನಿ" ಎನ್ನಬೇಕು. ಬಂದವನು ಅವಳು ಬಡಿಸಿದ್ದನ್ನು ಉಣ್ಣಬೇಕು. ಉಂಡು ಎದ್ದ ಮೇಲೆ ಅವನ ಹಿಂದೆ ಅವಳು ಹೊರಡಬೇಕು. ಕರೆಯದೆ ಹೋದವಳನ್ನು ಗಂಡನ ಮನೆ ಬಿಟ್ಟು ಬಂದವಳು ಎಂದೇ ಹಟ್ಟಿ ಆಡಿಕೊಳ್ಳುತ್ತದೆ. ಅಪ್ಪ ತೀರಿಹೋದಾಗ ಕೂಡ, ಫೋನಿನಲ್ಲಿ ಸುದ್ದಿ ತಿಳಿದು ಎದೆ ಎದೆ ಬಡಿದುಕೊಂಡು ಅತ್ತವಳು, ಕರೆಯಲು ಆಳು ಬರುವ ತನಕ ಹೊಸ್ತಿಲ ಒಳಗೇ ಕುಳಿತಿದ್ದಳು. ಅಂಥವಳ ಕೈಗೆ ಜಡ್ಜು ಬರೆದ ತೀರ್ಪು ಕೊಟ್ಟು ಹೋಗಮ್ಮ ಅಂದರೆ ಯಾವ ಮುಖ ಹೊತ್ತು ಹೋಗಬೇಕು?

ಅಸಲಿಗೆ ಜಗಳ ಶುರುವಾದದ್ದೇ ಇದರಿಂದ, ಹೊಲದಿಂದಲ್ಲ. ಅಪ್ಪನ ತಿಥಿ ಕಳೆದ ಮೇಲೆ ಪಾಲಯ್ಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಲು ಓಡಾಡಿದ. ತಂಗಿಯಿಂದ "ನನಗೆ ಪಾಲು ಬೇಡ" ಅಂತ ಒಂದು ಒಪ್ಪಿಗೆ ಪತ್ರ ಬೇಕು ಅಂದರು ತಾಲ್ಲೂಕು ಆಫೀಸಿನವರು. ಅವನು ತಂಗಿಗೆ ಫೋನು ಮಾಡಿ ಹೊಳಲ್ಕೆರೆ ಬಸ್‌ಸ್ಟ್ಯಾಂಡಿಗೆ ಬರಹೇಳಿದ. ಅವನ ಲೆಕ್ಕ ಅವನಿಗೆ: ಕುರಿಯನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದೇನೆ, ಅದೇ ಬಸ್ಸಿಗೆ ವಾಪಸ್ಸಾಗಬೇಕು, ಅವಳಿಗೂ ಅಷ್ಟು ದೂರ ಬರುವ ತೊಂದರೆ ತಪ್ಪುತ್ತದೆ. ನಿಂಗಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿ, ಚೀಲದಲ್ಲಿ ಒಂದು ಸೀರೆ ಮಡಚಿಟ್ಟುಕೊಂಡು ಹೋಗಿದ್ದಳು. ಅಣ್ಣ ಇಲ್ಲಿಯ ತನಕ ಬಂದಿದ್ದಾನೆ ಅಂದರೆ ಕರೆದುಕೊಂಡು ಹೋಗದೆ ಇರುತ್ತಾನಾ ಎಂದು. ಪಾಲಯ್ಯ ಕಂಬಳಿಯೊಳಗಿಂದ ಕಾಗದ ತೆಗೆದು ಕಡಲೆಕಾಯಿಯವನ ಗಾಡಿಯ ಮೇಲೆ ಹರವಿದ.

"ಇಲ್ಲೊಂದು ಸೈನ್ ಹಾಕವ್ವ ನಿಂಗಿ, ಬಸ್ಸು ಬಂತು."

"ಮನೆಗೆ ಕರ್ಕಂಡು ಹೋಗಣ್ಣ. ಅಲ್ಲೇ ಕುಂತು ಹಾಕ್ತೀನಿ."

"ಒಂದು ಸೈನಿಗೆ ಅಲ್ಲಿಗಂಟ ಯಾಕವ್ವ?"

ಗಂಡಸರಿಗೆ ಕೆಲವು ಮಾತು ಎಲ್ಲಿ ಹೋಗಿ ನಾಟುತ್ತದೆ ಎಂದು ತಿಳಿಯುವುದೇ ಇಲ್ಲ. ಕರೆದುಕೊಂಡು ಹೋಗಿ, ಒಂದು ತುತ್ತು ಇಕ್ಕಿ, ಅತ್ತಿಗೆಯ ಕೈಲಿ ಮಡಿಲಿಗೆ ಒಂದು ಬೊಗಸೆ ಅಕ್ಕಿ ಹಾಕಿಸಿದ್ದರೆ, ಆ ಕಾಗದವೇನು, ಅದರ ಅಪ್ಪನಂಥ ಕಾಗದಕ್ಕೂ ಅವಳು ಸೈನು ಹಾಕುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ, ಕಡಲೆಕಾಯಿ ಸಿಪ್ಪೆಯ ನಡುವೆ ನಿಂತು, ಹುಟ್ಟಿದ ಮನೆಯನ್ನು ಬಿಟ್ಟುಕೊಡು ಅಂದರೆ ಕರುಳು ಚುರುಕ್ ಅನ್ನದೆ ಇರುತ್ತದಾ? ಅವಳು ಹಾಕಲಿಲ್ಲ. ತಂಗಿಗೆ ಹೊಲದ ಆಸೆ ಹುಟ್ಟಿದೆ ಎಂದುಕೊಂಡು ಪಾಲಯ್ಯ ಬಸ್ಸು ಹತ್ತಿದ. ಬಸ್ಸು ಮರೆಯಾಗುವ ತನಕ ನೋಡಿ, ಮಡಚಿದ ಸೀರೆಯ ಸಮೇತ ನಿಂಗಕ್ಕ ಮನೆಗೆ ಬಂದಳು.

ಮುಂದಿನ ಹಬ್ಬಕ್ಕೆ ಯಾರೂ ಬರಲಿಲ್ಲ. ಅದರ ಮುಂದಿನ ಹಬ್ಬಕ್ಕೂ ಬರಲಿಲ್ಲ. ಗೂಡ್ಸ್ ಆಟೋ ಓಡಿಸುವ ಮಗ ಹನುಮೇಶ್ ರೇಗಿ, "ಈಗ ಕಾನೂನೇ ಬದಲಾಗೈತೆ ಕಣವ್ವ, ಹೆಣ್ಣುಮಕ್ಕಳಿಗೂ ಸಮಪಾಲು" ಎಂದು ಅವಳನ್ನು ವಕೀಲ ಹಾಲೇಶ್ ಹತ್ತಿರ ಕರೆದೊಯ್ದ. ವಕೀಲರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಿಂಗಕ್ಕ ಒಂದೇ ಪ್ರಶ್ನೆ ಕೇಳಿದಳು. "ಕೇಸು ಹಾಕಿದ್ರೆ ಅಣ್ಣ ಬರ್ಲೇಬೇಕಾ?"

"ಬರ್ಲೇಬೇಕಮ್ಮ. ಸಮನ್ಸ್ ಹೋಗುತ್ತೆ."

"ಹಂಗಾರೆ ಹಾಕ್ರಿ."

ಹಾಲೇಶ್ ಅದನ್ನು ಸಿಟ್ಟು ಎಂದು ತಿಳಿದರು. ಪಾಪ, ವಕೀಲರಿಗೆ ಸಿಟ್ಟಿನ ಪರಿಚಯವೇ ಜಾಸ್ತಿ.

ಆಮೇಲೆ ವರ್ಷಗಳು ಉರುಳಿದವು. ಕೋರ್ಟಿನ ಜಗಲಿಯ ಒಂದು ತುದಿಯಲ್ಲಿ ಪಾಲಯ್ಯ, ಇನ್ನೊಂದು ತುದಿಯಲ್ಲಿ ನಿಂಗಕ್ಕ. ಅವನು ಅವಳ ಕಡೆ ನೋಡುತ್ತಿರಲಿಲ್ಲ; ಅವಳು ಬೇರೆ ಕಡೆ ನೋಡುತ್ತಿರಲಿಲ್ಲ. ಅವನ ಕೂದಲು ನೆರೆತದ್ದು, ಕೂತು ಏಳುವಾಗ ಮಂಡಿಗೆ ಕೈ ಕೊಡುವುದು, ಎಲ್ಲವನ್ನೂ ಅಲ್ಲಿಂದಲೇ ಕಂಡಳು. ಕೇಸು ಕರೆದು, ವಕೀಲರು ಇಲ್ಲ ಅಂತಲೋ ಇನ್ನೊಂದಕ್ಕೋ ಮುಂದಿನ ವಾಯಿದೆ ಹಾಕಿದರೆ ಹನುಮೇಶ್ ಹಲ್ಲು ಕಡಿಯುತ್ತಿದ್ದ. ನಿಂಗಕ್ಕನಿಗೆ ಒಳಗೊಳಗೇ ಹಿಗ್ಗು. ಇನ್ನೊಂದು ಸಲ ಅಣ್ಣನನ್ನು ನೋಡಬಹುದಲ್ಲ! ಗೆದ್ದೆವು ಅಂತ ಹಾಲೇಶ್ ಕೈಮುಗಿದು ಹೇಳಿದ ದಿನ ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆನಂದಬಾಷ್ಪ ಅಂದರು ಎಲ್ಲರೂ. ಇನ್ನು ವಾಯಿದೆಯೇ ಇಲ್ಲವಲ್ಲ ಎಂದು ಅವಳು ಅತ್ತದ್ದು.

ಪಾಲಯ್ಯನಿಗೆ ಇರುವುದು ಒಬ್ಬಳೇ ಮಗಳು, ಜಯಶೀಲಾ. ಮದುವೆಯ ಮಾತೆತ್ತಿದರೆ ಎದ್ದು ಹೋಗುವವಳು, ಚಿತ್ರದುರ್ಗದ ಲಾ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಕೇಸು ನಡೆಯುತ್ತಿದ್ದಾಗ ಅಪ್ಪ ಅವಳನ್ನು ಕೂರಿಸಿ, "ನೀನು ಯಾರ ಕಡೆ?" ಎಂದು ಕೇಳಿದ್ದ. "ಕಾನೂನು ಅತ್ತೆ ಕಡೆ ಐತಪ್ಪ. ನಾನು ನಿನ್ನ ಮಗಳು" ಅಂದಿದ್ದಳು. ಆ ಉತ್ತರವನ್ನು ಯಾವ ಕಡೆಗೆ ಹಾಕಿಕೊಳ್ಳಬೇಕೋ ಪಾಲಯ್ಯನಿಗೆ ಇವತ್ತಿಗೂ ಗೊತ್ತಾಗಿಲ್ಲ.

ಜಯಶೀಲಾ ಈಗ ಡಾಕ್ಟರೇಟಿಗೆ ಒಂದು ಅಧ್ಯಯನ ಹಿಡಿದಿದ್ದಳು. ಕಾನೂನು ಬದಲಾಯಿತು, ಹೆಣ್ಣುಮಕ್ಕಳು ಕೇಸು ಗೆದ್ದರು, ಗೆದ್ದ ಮೇಲೆ ಏನಾಯಿತು? ಅದನ್ನು ಪುಸ್ತಕದಲ್ಲಿ ಹುಡುಕದೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮನೆ ಮನೆಗೆ ಹೋಗಿ ಕೇಳುತ್ತಿದ್ದಳು. ಹಾಗೆ ಕೇಳುತ್ತ ಕೇಳುತ್ತ ಕೊನೆಗೆ ಸೋದರತ್ತೆಯ ಮನೆಗೂ ಬಂದಳು. ನಿಂಗಕ್ಕ ಅವಳ ಗಲ್ಲ ಸವರಿ, ಚಾಪೆ ಹಾಸಿ, ಕಾಫಿ ಕೊಟ್ಟು, ಪಕ್ಕದಲ್ಲಿ ಕುಳಿತಳು.

"ನಿಮ್ಮಪ್ಪ ಹೆಂಗವ್ನೆ?"

"ಮಂಡಿ ನೋವು ಅಂತಾನೆ. ಕುರಿ ಮಾತ್ರ ಬಿಡಲ್ಲ."

"ಬಿಸಿ ಎಣ್ಣೆ ಹಚ್ಚು ಅನ್ನು. ನಾನು ಹೇಳಿದೆ ಅನ್ನಬೇಡ." ಕಾಫಿ ಲೋಟವನ್ನು ಅವಳ ಹತ್ತಿರ ಸರಿಸಿ ನಿಂಗಕ್ಕ ಕೇಳಿದಳು, "ಅದ್ಯಾವ ಕಾನೂನವ್ವ, ನನ್ನ ಗೆಲ್ಲಿಸಿದ್ದು?"

ಜಯಶೀಲಾ ಕ್ಲಾಸಿನಲ್ಲಿ ಹೇಳುವುದನ್ನು ಚಾಪೆಯ ಮೇಲೆ ಕುಳಿತು ಹೇಳಿದಳು. "ಮೊದ್ಲು ನಮ್ಮ ರಾಜ್ಯದಾಗೆ ತಿದ್ದುಪಡಿ ಬಂತತ್ತೆ. ಹೆಣ್ಣುಮಕ್ಕಳಿಗೆ ಪಾಲು ಐತೆ, ಆದ್ರೆ ಅಷ್ಟೊತ್ತಿಗಾಗ್ಲೇ ಮದುವೆ ಆಗಿರೋರಿಗೆ ಇಲ್ಲ ಅಂತು. ನೀನು ಹೊರಗಾದೆ. ಆಮೇಲೆ ದೇಶಕ್ಕೆಲ್ಲ ಒಂದು ತಿದ್ದುಪಡಿ ಬಂತು, ಮದುವೆ ಆದೋರೂ ಒಳಗೆ ಅಂತು. ಅದಾದ ಮೇಲೂ ಅಪ್ಪ ಯಾವಾಗ ತೀರ್ಕಂಡ, ಯಾವಾಗ ಬದುಕಿದ್ದ ಅಂತ ವರ್ಷಗಟ್ಟಲೆ ವಾದ ನಡೀತು. ಕೊನೆಗೆ ಸುಪ್ರೀಂ ಕೋರ್ಟು ಹೇಳ್ತು: ಹೆಣ್ಣಿನ ಹಕ್ಕು ಹುಟ್ಟಿನಿಂದ ಬಂದದ್ದು, ಮಗ ಹೆಂಗೋ ಮಗಳೂ ಹಂಗೇ."

"ಅಷ್ಟು ದೊಡ್ಡ ದೊಡ್ಡೋರು ಕುಂತು ಅಷ್ಟು ವರ್ಷ ನಮ್ಮ ಬಗ್ಗೆ ಯೋಚ್ನೆ ಮಾಡಿದ್ರಾ?" ನಿಂಗಕ್ಕನಿಗೆ ನಿಜಕ್ಕೂ ಖುಷಿಯಾಯಿತು. ಅಣ್ಣ ಒಬ್ಬ ಅಷ್ಟು ಯೋಚನೆ ಮಾಡಿದ್ದರೆ ಸಾಕಿತ್ತು ಎಂದೂ ಅನ್ನಿಸಿತು.

ಹಿರಿಯೂರಿನ ಒಬ್ಬಳ ಕತೆಯನ್ನೂ ಜಯಶೀಲಾ ಹೇಳಿದಳು. ಗೆದ್ದ ಜಮೀನನ್ನು ಆಕೆ ತಿರುಗಿ ಅಣ್ಣಂದಿರಿಗೇ ಬರೆದುಕೊಟ್ಟಳಂತೆ. ನಿಂಗಕ್ಕ ಮುಂದಕ್ಕೆ ಬಗ್ಗಿದಳು. "ಬರ್ಕೊಟ್ಟ ಮೇಲೆ ಕರೆದ್ರಾ?"

"ಒಂದು ದೀಪಾವಳಿಗೆ ಕರೆದ್ರಂತೆ. ಆಮೇಲೆ ಇಲ್ಲ."

ನಿಂಗಕ್ಕ ಮತ್ತೆ ಗೋಡೆಗೆ ಒರಗಿದಳು. ಜಯಶೀಲಾ ಅವಳ ಕೈ ಹಿಡಿದು, "ನೀನೇ ಹೋಗಿಬಿಡತ್ತೆ. ಅದು ನಿಂದೇ ನೆಲ. ಯಾರೂ ತಡೆಯಂಗಿಲ್ಲ" ಅಂದಳು.

"ತಡೆಯೋರು ಯಾರೂ ಇಲ್ಲವ್ವ. ಕರೆಯೋರು ಇಲ್ಲ."

"ಕರೀಬೇಕು ಅಂತ ಅಪ್ಪನಿಗೆ ಆರ್ಡರ್ ಮಾಡೋ ಕಾನೂನು ಇಲ್ಲತ್ತೆ."

"ಗೊತ್ತೈತೆ ತಾಯಿ" ಎಂದು ನಿಂಗಕ್ಕ ಲೋಟ ಎತ್ತಿಕೊಂಡು ಒಳಗೆ ಹೋದಳು.

ಇದಾದ ಮೇಲೆ ಒಂದು ಬೆಳಿಗ್ಗೆ ಚಿಕ್ಕತಿಮ್ಮಪ್ಪ ಬಂದ. ತವರಿನ ಹಟ್ಟಿಯವನು, ಈಗ ಅಲ್ಲಿಯ ಗ್ರಾಮ ಸಹಾಯಕ. ಹಿಂದೆ ಅಪ್ಪನಿಗೆ ಕುರಿ ಬಿಟ್ಟು ಬರಲಾಗದಿದ್ದಾಗಲೆಲ್ಲ ಅವಳನ್ನು ಕರೆಯಲು ಬರುತ್ತಿದ್ದವನು ಇವನೇ. ಬೀದಿಯ ತಿರುವಿನಲ್ಲಿ ಅವನ ತಲೆಯ ಟವೆಲ್ಲು ಕಂಡದ್ದೇ ತಡ, ನಿಂಗಕ್ಕ ಎದ್ದಳು. ಓಡಿಹೋಗಿ ಒಲೆ ಹಚ್ಚಿದಳು. ಅವನು ಕಾಗದ ಹಿಡಿದು ಜಗಲಿಯ ಮೇಲೆ ಕೂತು, "ಸೋಮವಾರ ಅಳತೆ ಐತಕ್ಕ. ಸರ್ವೆಯೋರು ಬಂದು ಬಾಂದಕಲ್ಲು ಹಾಕಿ ನಿನ್ನ ಪಾಲು ನಿನಗೆ ಬಿಡಿಸ್ಕೊಡ್ತಾರೆ. ನೀನು ಬರ್ಬೇಕು. ನಿಮ್ಮಣ್ಣನೂ ಇರ್ತಾನೆ" ಎನ್ನುವಷ್ಟರಲ್ಲಿ ಅವನ ಮುಂದೆ ತಟ್ಟೆ ಬಂದಿತ್ತು. ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಗಟ್ಟಿ ಮೊಸರು.

"ಅಣ್ಣ ಕಳ್ಸಿದ್ನಾ ತಿಮ್ಮಪ್ಪ ನಿನ್ನ?"

ಚಿಕ್ಕತಿಮ್ಮಪ್ಪ ಕೈಯಲ್ಲಿದ್ದ ನೋಟಿಸು ನೋಡಿದ, ತಟ್ಟೆ ನೋಡಿದ, ಅವಳ ಮುಖ ನೋಡಿದ. ಯಾರ ಮನಸ್ಸನ್ನೂ ನೋಯಿಸದೆ ಬಾಳಿದ ಮನುಷ್ಯ. ಅದಕ್ಕಾಗಿ ಆಗಾಗ ಒಂದೊಂದು ಸಣ್ಣ ಸುಳ್ಳು ಹೇಳಬೇಕಾಗುತ್ತಿತ್ತು. "ಹೂಂ ಅಂತಿಟ್ಕಳಕ್ಕ" ಎಂದು ರೊಟ್ಟಿ ಮುರಿದ.

ಸಂಜೆ ಹನುಮೇಶ್ ಕಾಗದ ಓದಿ, "ಅವ್ವ, ಇದು ತಾಲ್ಲೂಕು ಆಫೀಸಿನ ನೋಟಿಸು. ಮಾವ ಎಲ್ಲಿ ಕರೆದ?" ಅಂದ.

"ಬರೀ ನೋಟಿಸಾಗಿದ್ರೆ ಪೋಸ್ಟಲ್ಲಿ ಬರ್ತಿತ್ತು ಕಣೋ. ತಿಮ್ಮಪ್ಪ ಬಂದು ಉಂಡು ಹೋಗ್ಯಾನೆ."

ಸೋಮವಾರದ ಹೊತ್ತಿಗೆ ನಿಂಗಕ್ಕ ಒಂದು ಚೀಲ ತುಂಬ ಕರ್ಜಿಕಾಯಿ ಮಾಡಿದ್ದಳು. ಅಣ್ಣನಿಗೆ ಕೊಬ್ಬರಿ ಹೂರಣ ಇಷ್ಟ ಎಂದು ಬೆಲ್ಲ ಕಮ್ಮಿ ಮಾಡಿ ಕೊಬ್ಬರಿಯನ್ನೇ ಜಾಸ್ತಿ ತುಂಬಿದ್ದಳು. ಗೂಡ್ಸ್ ಆಟೋದಲ್ಲಿ ಮಗನ ಪಕ್ಕ ಕೂತು, ಹೊಸದುರ್ಗ ದಾಟಿ ತೆಂಗಿನ ತೋಟಗಳ ನಡುವಿನ ದಾರಿ ಹಿಡಿದಾಗ, ಈ ತಿರುವಿನಲ್ಲಿ ಹುಣಸೆಮರವಿತ್ತು, ಇಲ್ಲಿ ಕುರಿ ನೀರು ಕುಡಿಯುತ್ತಿದ್ದವು ಎಂದು ಚಿಕ್ಕ ಹುಡುಗಿಯಂತೆ ಬಿಡುವಿಲ್ಲದೆ ಹೇಳುತ್ತಲೇ ಇದ್ದಳು.

ಹೊಲದಲ್ಲಿ ಸರ್ವೆಯವರು ಆಗಲೇ ಯಂತ್ರ ನಿಲ್ಲಿಸಿದ್ದರು. ದುರ್ಗದಿಂದ ಜಯಶೀಲಾ ಬಂದಿದ್ದಳು. ಅಧ್ಯಯನಕ್ಕೆ ನೋಡಬೇಕು ಅಂತ ಅಪ್ಪನಿಗೆ ಹೇಳಿದ್ದಳು. ಪಾಲಯ್ಯ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದ. ನಿಂಗಕ್ಕ ಅವನ ಹತ್ತಿರ ಹೋಗಿ ನಿಂತಳು. ಅವನು ದೂರದಲ್ಲಿ ಮೇಯುತ್ತಿದ್ದ ಕುರಿಗಳನ್ನು ನೋಡುತ್ತ ಕೂತ. ಅಳೆದರು, ಗುದ್ದಲಿಯಿಂದ ಅಗೆದರು, ಕಲ್ಲು ನೆಟ್ಟರು. ಸರ್ವೆಯವರು ಬೆವರೊರೆಸಿಕೊಂಡು ಕಾಗದ ಮುಂದೆ ಹಿಡಿದರು. "ಈ ಕಲ್ಲಿನಿಂದ ಆಚೆ ನಿಂದಮ್ಮ. ಸ್ವಾಧೀನ ತಗಂಡೆ ಅಂತ ಇಲ್ಲಿ ಸೈನ್ ಹಾಕು."

"ಮನೇಲಿ ಕುಂತು ಹಾಕ್ತೀನಿ ಸಾರ್. ಅಣ್ಣ ಕರೆಸ್ಯಾನೆ."

ಪಾಲಯ್ಯ ಆಗ ತಿರುಗಿದ. "ನಾನು ಯಾರ್ನೂ ಕರೆಸಿಲ್ಲ."

ಎಲ್ಲರೂ ಚಿಕ್ಕತಿಮ್ಮಪ್ಪನನ್ನು ನೋಡಿದರು. ಅವನು ಹೊಸದಾಗಿ ನೆಟ್ಟ ಕಲ್ಲು ನೆಟ್ಟಗಿದೆಯೋ ಇಲ್ಲವೋ ಎಂದು ಬಗ್ಗಿ ಪರೀಕ್ಷೆ ಮಾಡತೊಡಗಿದ.

"ಹೊಲ ತಗಂಡಾತಲ್ಲ" ಎಂದ ಪಾಲಯ್ಯ. "ಮನೆ ಯಾಕೆ ಇನ್ನ?"

ನಿಂಗಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಕರೆಯದೆ ಬಂದುಬಿಟ್ಟಿದ್ದಳು. ಇಷ್ಟು ವರ್ಷ ಹಲ್ಲು ಕಚ್ಚಿ ಕಾಯ್ದುಕೊಂಡ ಮರ್ಯಾದೆಯನ್ನು ಒಂದು ತಟ್ಟೆ ರೊಟ್ಟಿಗೆ ಕಳೆದುಕೊಂಡಿದ್ದಳು. ಅಪ್ಪನ ಹೊಲದಲ್ಲಿ, ಒಡಹುಟ್ಟಿದವನ ಎದುರಿಗೆ, ಕರ್ಜಿಕಾಯಿಯ ಚೀಲ ಹಿಡಿದು ನಿಂತ ಅವಳಿಗೆ ಕಣ್ಣೀರು ಕೂಡ ಬರಲಿಲ್ಲ. "ಹನುಮ, ಗಾಡಿ ತಿರುಗಿಸು" ಎಂದಳು.

"ನಿಲ್ಲತ್ತೆ." ಜಯಶೀಲಾ ಬಂದು ಅವಳ ಕೈಯಿಂದ ಚೀಲ ತೆಗೆದುಕೊಂಡಳು. ಒಂದು ಕರ್ಜಿಕಾಯಿ ತೆಗೆದು, ಕಲ್ಲಿನಿಂದ ಆಚೆಗೆ ದಾಟಿ, ನಿಂಗಕ್ಕನ ಪಾಲಿನ ಮಣ್ಣಿನಲ್ಲಿ ನಿಂತು, ಅಲ್ಲೇ ಕಚ್ಚಿ ತಿಂದಳು. ಪೂರ್ತಿ ತಿಂದಳು. ಸರ್ವೆಯವರು ಗಡಿಯಾರ ನೋಡಿಕೊಂಡರು.

"ಇದು ನಿನ್ನ ನೆಲ. ನಿನ್ನ ನೆಲದ ಮೇಲೆ ನಿಂತು ನೀನು ಮಾಡಿದ್ದನ್ನ ಉಂಡೀನಿ. ತವರಿಂದ ಕರೆಯೋಕೆ ಬಂದೀನಿ ಅತ್ತೆ. ನಡಿ, ಹೋಗಾಣ."

"ಲೇ ಜಯಾ!" ಪಾಲಯ್ಯ ಮಂಡಿಗೆ ಕೈಕೊಟ್ಟು ಎದ್ದ. "ಹೆಣ್ಣುಮಗಳು ಕರೆಯೋಕೆ ಹೋದದ್ದು ಈ ಹಟ್ಟೀಲಿ ಉಂಟಾ? ನೀನ್ಯಾರು ಕರೆಯೋಕೆ?"

"ನಾನಾ?" ಜಯಶೀಲಾಳ ದನಿ ನಡುಗಿತು. ಇದೇ ಮಾತನ್ನು ಎಷ್ಟು ವರ್ಷದಿಂದ ಹುಡುಗರ ಮುಂದೆ ನಿಂತು ಹೇಳಿದ್ದಳೋ, ಒಂದು ಸಲವೂ ನಡುಗಿರಲಿಲ್ಲ. "ನಾನು ಆ ಮನೆ ಮಗಳಪ್ಪ. ಮಗನಿಗೆ ಏನೇನು ಐತೋ ನನಗೂ ಅದೆಲ್ಲ ಐತೆ, ಹುಟ್ಟಿದಾಗಿಂದ. ನಿನಗೆ ಇನ್ನೊಬ್ಬ ಮಗ ಇಲ್ಲ. ನಾಳೆ ಅತ್ತೇನ ಕರೆಯೋಕೆ ಹೋಗೋಳು ನಾನೇ. ಹೊಲದ ಹಕ್ಕಿನ ಮಾತು ಆಮೇಲಿರ್ಲಿ. ಕರೆಯೋ ಹಕ್ಕು ಇವತ್ತು ತಗಂತೀನಿ."

ಜಯಶೀಲಾ ಅತ್ತೆಯ ಕೈ ಹಿಡಿದು ಮುಂದೆ ನಡೆದಳು. ಕರೆಯಲು ಬಂದವರ ಹಿಂದೆ ನಡೆಯುವುದು ನಿಂಗಕ್ಕನ ಕಾಲಿಗೆ ಗೊತ್ತಿತ್ತು, ಅದು ತಾನಾಗಿ ನಡೆಯಿತು.

ಬಾಗಿಲಲ್ಲಿ ಪಾಲಯ್ಯನ ಹೆಂಡತಿ ಬರಗೇರಮ್ಮ ನಿಂತಿದ್ದಳು. ಗಂಡ ಬೆಳಿಗ್ಗೆಯೇ ಹೇಳಿಹೋಗಿದ್ದಂತೆ ಕದ ಹಾಕಿಕೊಳ್ಳಬೇಕೋ, ಮಗಳು ಕರೆತಂದವಳನ್ನು ಒಳಗೆ ಬಿಡಬೇಕೋ ಎಂದು ಒಂದು ಗಳಿಗೆ ತಡವರಿಸಿದಳು. ಆಮೇಲೆ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದಳು. "ಎಷ್ಟು ಸೊರಗಿದೀಯ ನಿಂಗಕ್ಕ" ಎಂದು ಅವಳೇ ಮೊದಲು ಅತ್ತಳು. ನೆಲಕ್ಕೆ ಟೈಲ್ಸ್ ಹಾಕಿಸಿದ್ದರು. ಅಪ್ಪ ಒರಗಿ ಕೂರುತ್ತಿದ್ದ ಕಂಬ ಹಾಗೇ ಇತ್ತು. ನಿಂಗಕ್ಕ ಅದರ ಬುಡದಲ್ಲಿ ಕೂತು, ಹಿಂದೆಯೇ ಬಂದ ಸರ್ವೆಯವರ ಕಾಗದಕ್ಕೆ ಒಂದೊಂದೇ ಅಕ್ಷರ ಬಿಡಿಸಿ ಸೈನು ಹಾಕಿದಳು. ಅವರು ಹೊರಟುಹೋದರು. ಬರಗೇರಮ್ಮ ಮುದ್ದೆಗೆ ಎಸರಿಟ್ಟಳು.

ಬಯಸಿದ್ದೆಲ್ಲ ಆಗಿತ್ತು. ಆದರೂ ನಿಂಗಕ್ಕನ ಕಿವಿ ಬಾಗಿಲ ಹತ್ತಿರವೇ ಇತ್ತು. ಜಯಶೀಲಾ ಕರೆದದ್ದು ಸುಳ್ಳಲ್ಲ, ಹೊಟ್ಟೆ ತಂಪಾಗುವಂಥ ಕರೆಯೇ. ಆದರೆ ಇಷ್ಟು ಕಾಲ ಅವಳು ಹಂಬಲಿಸಿದ್ದು ಒಂದೇ ಒಂದು ದನಿಗೆ, ಎಳೆತನದಲ್ಲಿ ಕುರಿರೊಪ್ಪದ ಆಚೆಯಿಂದ ನಿಂಗೀ ಎನ್ನುತ್ತಿದ್ದ ದನಿಗೆ.

ಹೊರಗೆ ಕೆಮ್ಮು ಕೇಳಿಸಿತು. ಪಾಲಯ್ಯ ಬಂದಿದ್ದ. ಹೊಸ್ತಿಲ ಆಚೆ ನಿಂತಿದ್ದ, ಒಳಗೆ ಬರಲಿಲ್ಲ. "ಬರ್ರಿ ಒಳಗೆ. ನಿಮ್ಮನೆಗೆ ನಿಮ್ಮನ್ನ ಕರೀಬೇಕಾ?" ಎಂದು ಬರಗೇರಮ್ಮ ಒಲೆಯ ಮುಂದಿನಿಂದ ಅಂದಳು. ಅವನು ಅಲುಗಲಿಲ್ಲ. ತಂಗಿಯನ್ನು ಕರೆಯಲಿಲ್ಲ ಎಂಬುದು ಎಲ್ಲರ ಎದುರು ಆಗಿಹೋಗಿತ್ತು. ಅವಳು ಕೂತಿರುವ ಮನೆಯೊಳಕ್ಕೆ ಈಗ ಯಾವ ಮುಖ ಹೊತ್ತು ಬರುವುದು? ಕಂಬಳಿಯ ಅಂಚನ್ನು ಹಿಂಡುತ್ತ, ಕೆಳಗೆ ನೋಡುತ್ತ ನಿಂತೇ ಇದ್ದ.

ಹಾಗೆ ನಿಲ್ಲುವುದು ಏನೆಂದು ಆ ಮನೆಯಲ್ಲಿ ನಿಂಗಕ್ಕನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ನಿಲ್ಲಲಿ, ಒಂದಿಷ್ಟು ಹೊತ್ತು ಅವನಿಗೂ ತಿಳಿಯಲಿ ಎಂದು ಒಮ್ಮೆ ಅನ್ನಿಸಿತು. ಅನ್ನಿಸಿದ್ದು ತಪ್ಪೇನಲ್ಲ. ಆದರೆ ಅವನ ಮಂಡಿ ನಡುಗುವುದು ಕಂಡಿತು.

"ಬಾರಣ್ಣ. ಒಳಕ್ಕೆ ಬಾ."

ಪಾಲಯ್ಯ ಹೊಸ್ತಿಲು ದಾಟಿ ಬಂದ. ಹತ್ತಿರವೂ ಅಲ್ಲದ, ದೂರವೂ ಅಲ್ಲದ ಜಾಗದಲ್ಲಿ ಗೋಡೆ ಹಿಡಿದು ಕೂತ.

"ಇಷ್ಟೇ ಕಣಣ್ಣ" ಎಂದಳು ನಿಂಗಕ್ಕ. "ಬಾ ಅನ್ನೋ ಈ ಒಂದು ಮಾತಿಗೆ ನಾನು ಅಷ್ಟು ವರ್ಷ ಕೋರ್ಟಿಗೆ ಬಂದೆ."

ಪಾಲಯ್ಯ ತಲೆ ಎತ್ತಲಿಲ್ಲ. ಕಂಬಳಿಯನ್ನು ಮುಖಕ್ಕೆ ಎಳೆದುಕೊಂಡು ತಂಗಿಯ ಎದುರಿಗೆ ಗೊಳೋ ಎಂದು ಅತ್ತ.